ಅಣ್ಣನ ಭಾಷಣ ಬರೆದವಳು

ನಮ್ಮ ಮನೆಯ ಇಸ್ತ್ರಿ ಪೆಟ್ಟಿಗೆಗೆ ನಸುಕಿನಲ್ಲೇ ಕೆಲಸ ಬೀಳತೊಡಗಿದ್ದು ಅಣ್ಣ ರಾಯಚೂರಿಗೆ ಬಂದ ಮೇಲೆ. ಊಟದ ಮೇಜಿನ ಮೇಲೆ ಹಳೆಯ ಕಂಬಳಿ ಹಾಸಿ, ಬೆರಳ ತುದಿಯಿಂದ ನೀರು ಚಿಮುಕಿಸಿ, ಬಿಳಿ ಜುಬ್ಬಾದ ತೋಳಿಗೆ ಅವನು ಗೆರೆ ತೀಡುವುದನ್ನು ನೋಡಬೇಕಿತ್ತು ನೀವು; ಮುಟ್ಟಿದರೆ ಬೆರಳು ಕೊಯ್ದೀತು ಅನ್ನಿಸುವಂಥ ಗೆರೆ. ಮೇಜರ್ ಜನರಲ್ ಹುದ್ದೆಯಿಂದ ನಿವೃತ್ತನಾದ ಮನುಷ್ಯನಿಗೆ ಬಟ್ಟೆ ತೀಡಿಕೊಡಲು ಆಳುಗಳಿದ್ದರಲ್ಲ, ಇಷ್ಟು ವರ್ಷ ಈ ವಿದ್ಯೆಯನ್ನು ಎಲ್ಲಿ ಬಚ್ಚಿಟ್ಟಿದ್ದ ಎಂದು ನಾನು ಬೆರಗಾಗುತ್ತಿದ್ದೆ. ಒಂದು ದಿನ, ಅಣ್ಣನನ್ನು ಚುನಾವಣೆಗೆ ನಿಲ್ಲಿಸಿದ್ದ ಪಕ್ಷದ ಪ್ರಚಾರದ ಉಸ್ತುವಾರಿ ಹೊತ್ತಿದ್ದ ವಕೀಲ ಚಂದ್ರಶೇಖರ ಬಂದವರು ಆ ಜುಬ್ಬಾವನ್ನು ಕಂಡು ನಯವಾಗಿ ಹೇಳಿದರು: "ಸಾಹೇಬ್ರ, ಜುಬ್ಬಾ ಜರಾ ಮುದುಡಿರಬೇಕ್ರಿ. ಮಂದಿ ನಡುವಿಂದ ಎದ್ದು ಬಂದಂಗ ಕಾಣ್ತದ." ಅಣ್ಣ ಆ ಮಾತನ್ನು ಮೇಲಧಿಕಾರಿಯ ಆಜ್ಞೆಯಂತೆ ಗಂಭೀರವಾಗಿ ತೆಗೆದುಕೊಂಡ. ಮರುದಿನ ಇಸ್ತ್ರಿ ಮಾಡದ ಜುಬ್ಬಾ ತೊಟ್ಟು ಕನ್ನಡಿಯ ಮುಂದೆ ನಿಂತ, ಎರಡು ನಿಮಿಷ ನೋಡಿಕೊಂಡ, ಸಹಿಸಲಾಗದೆ ಬಿಚ್ಚಿ ಮತ್ತೆ ಕಂಬಳಿ ಹಾಸಿದ. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನಗೆ ನಗು ಬರಬೇಕಿತ್ತು, ಬಂದದ್ದು ಭಯ.

ಭಯ ಎನ್ನುವುದು ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಬಳುವಳಿಯಾಗಿ ಬಂದ ವಸ್ತು. ಗಬ್ಬೂರಿನ ನಮ್ಮ ಮನೆತನ ಕುರಿ ಕಾಯ್ದುಕೊಂಡು, ಒಂದಿಷ್ಟು ಹೊಲ ಮಾಡಿಕೊಂಡು ಬಂದದ್ದು. ಶಾಲೆಯ ಮಾಸ್ತರರೊಬ್ಬರು ತಾವೇ ಅರ್ಜಿ ತುಂಬಿ, ತಾವೇ ಬಸ್ಸಿನಲ್ಲಿ ಕರೆದೊಯ್ದು ಪರೀಕ್ಷೆಗೆ ಕೂರಿಸಿದ್ದರಿಂದ ಅಣ್ಣ ಸೈನಿಕ ಶಾಲೆ ಸೇರಿದ. ಅಲ್ಲಿಂದ ಸೀದಾ ಸೈನ್ಯಕ್ಕೆ. ಮೌನೇಶ ಎಂದು ಹೆಸರಿಟ್ಟದ್ದು ಅಪ್ಪ, ದೇವರ ಮೇಲಿನ ಭಕ್ತಿಯಿಂದ. ಮಗ ಅದನ್ನು ಬರಿಯ ಹೆಸರಾಗಿ ಉಳಿಸದೆ ನಡತೆಯನ್ನಾಗಿಯೂ ಮಾಡಿಕೊಂಡ. ತಿಂಗಳಿಗೊಂದು ಕಾಗದ ಬರುತ್ತಿತ್ತು, ಅದರಲ್ಲಿ ಎರಡೇ ಸಾಲು: ನಾನು ಕ್ಷೇಮ, ನೀವೂ ಕ್ಷೇಮವೆಂದು ತಿಳಿದಿದ್ದೇನೆ. ಎಲ್ಲಿದ್ದಾನೆ, ಏನು ಮಾಡುತ್ತಿದ್ದಾನೆ ಎಂಬುದಿಲ್ಲ. ರೇಡಿಯೋದಲ್ಲಿ ಗಡಿ ಎಂಬ ಪದ ಕೇಳಿದೊಡನೆ ಅವ್ವ ಕೈಯಲ್ಲಿದ್ದ ಕೆಲಸ ಬಿಟ್ಟು ಗೋಡೆಗೆ ಒರಗಿ ನಿಲ್ಲುತ್ತಿದ್ದಳು. ಅವಳು ಹೋದ ಮೇಲೆ ಆ ಗೋಡೆಗೆ ಒರಗುವ ಪಾಳಿ ನನ್ನದಾಯಿತು. ರಾಯಚೂರಿನ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತ, ಪದ್ಯದ ನಡುವೆ ಕಚೇರಿಯ ಜವಾನ ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ನನ್ನ ನಾಲಿಗೆ ಒಣಗುತ್ತಿತ್ತು. ಲೆಫ್ಟಿನೆಂಟನಿಂದ ಕ್ಯಾಪ್ಟನ್, ಕರ್ನಲ್, ಬ್ರಿಗೇಡಿಯರ್, ಜನರಲ್ ಎಂದು ಅವನು ಒಂದೊಂದೇ ಮೆಟ್ಟಿಲು ಏರಿದಂತೆ ಊರಿನವರ ಹೆಮ್ಮೆ ಏರಿತು, ನನ್ನ ರಕ್ತದ ಒತ್ತಡವೂ ಏರಿತು.

ಹಾಗಾಗಿ ಅಣ್ಣ ನಿವೃತ್ತನಾಗಿ ಬಂದಾಗ ನಾನು ನಿಶ್ಚಿಂತಳಾಗಬೇಕಿತ್ತು. ಅತ್ತಿಗೆ ಮಗಳ ಬಾಣಂತನಕ್ಕೆಂದು ಪುಣೆಯಲ್ಲಿ ಉಳಿದಿದ್ದರು. ಇವನು ನಮ್ಮ ಮನೆಯಲ್ಲಿ. ಗಬ್ಬೂರಿನಲ್ಲಿ ಸನ್ಮಾನ ಮಾಡಿದರು, ಹೂವಿನ ಹಾರದ ಭಾರಕ್ಕೆ ಅವನ ಕತ್ತು ಮೊದಲ ಸಲ ಬಾಗಿದ್ದನ್ನು ಕಂಡೆ. ಅದಾಗಿ ತಿಂಗಳೊಳಗೆ ಒಂದು ಪಕ್ಷದವರು ನಮ್ಮ ಪಡಸಾಲೆಯಲ್ಲಿ ಕೂತಿದ್ದರು. ಲೋಕಸಭೆಗೆ ನಿಲ್ಲಬೇಕು ಎಂದರು. ಅಣ್ಣ ಎರಡು ದಿನ ಸಮಯ ಕೇಳಿದ. ಬೇಡ ಎಂದು ನಾನು ನೂರು ಕಾರಣ ಕೊಟ್ಟೆ. ಅವನು ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಹೇಳಿದ. "ಇಷ್ಟು ವರ್ಷ ದೇಶ ದೇಶ ಅಂದೆ ಸರೂ. ಗಬ್ಬೂರಿಗೆ ಏನ್ ಮಾಡೀನಿ, ಹೇಳು." ಆ ರಾತ್ರಿಯಿಂದ ನನ್ನ ಹಳೆಯ ಭಯ ಹೊಸ ಬಟ್ಟೆ ತೊಟ್ಟು ಮನೆಯೊಳಗೇ ಓಡಾಡತೊಡಗಿತು. ಗಡಿಯಲ್ಲಿ ಅವನ ಜೀವಕ್ಕಾಗಿ ಅಂಜುತ್ತಿದ್ದೆ. ಇಲ್ಲಿ ಅಂಜಿದ್ದು ಯಾವುದಕ್ಕೆಂದು ಹೇಳಲು ನನಗೆ ಪದ ಸಿಗಲಿಲ್ಲ.

ಮೊದಲ ಸಭೆ ದೇವದುರ್ಗದಲ್ಲಿ. ಹತ್ತು ಗಂಟೆಗೆ ಎಂದಿದ್ದರು. ಅಣ್ಣ ಒಂಬತ್ತೂ ಐವತ್ತಕ್ಕೆ ಹೋಗಿ ನಿಂತರೆ ಶಾಮಿಯಾನದ ಗೂಟ ಹೊಡೆಯುವವರ ಹೊರತು ಅಲ್ಲಿ ಯಾರೂ ಇರಲಿಲ್ಲ. ಸಾಲದ್ದಕ್ಕೆ ಒಂದು ಮೂಲೆಯ ಹಗ್ಗ ಸಡಿಲವಾಗಿದೆಯೆಂದು ತಾನೇ ಎಳೆದು ಬಿಗಿದ. ಜನ ಸೇರಿದ್ದು ಹನ್ನೆರಡೂವರೆಗೆ. ಮೈಕಿನ ಮುಂದೆ ನಿಂತ ಅಣ್ಣ ನೀರು, ರಸ್ತೆ, ಆಸ್ಪತ್ರೆ ಎಂದು ಮೂರು ವಿಷಯ ಹೇಳಿ, ನಾಲ್ಕು ನಿಮಿಷಕ್ಕೆ ಮುಗಿಸಿ, ಏನಾದರೂ ಪ್ರಶ್ನೆಗಳಿವೆಯೇ ಎಂದು ಕೇಳಿದ. ಜನ ಮುಖ ಮುಖ ನೋಡಿಕೊಂಡರು. ಅರ್ಧ ಆಯುಷ್ಯ ಹಿಂದಿ, ಇಂಗ್ಲಿಷಿನಲ್ಲೇ ಕಳೆದವನ ಕನ್ನಡ ಬಹಳ ದಿನ ಮುಚ್ಚಿಟ್ಟ ಮನೆಯ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು. ಸಂಜೆ ಚಂದ್ರಶೇಖರ ನಮ್ಮ ಮನೆಗೆ ಬಂದು ನನ್ನ ಮುಂದೆ ಕೈ ಮುಗಿದರು. "ಅಕ್ಕಾರ, ನೀವು ಕನ್ನಡ ಕಲಿಸಿದವರು. ಸಾಹೇಬ್ರ ಭಾಷಣ ನೀವೇ ಬರೀರಿ."

ಬರೆದೆ. ಬೇಡವೆಂದು ನೂರು ಕಾರಣ ಕೊಟ್ಟವಳೇ ಬರೆದೆ, ಮತ್ತು ನಿಮ್ಮಲ್ಲಿ ಯಾಕೆ ಮುಚ್ಚುಮರೆ, ಸಂತೋಷದಿಂದ ಬರೆದೆ. ಮೂವತ್ತು ವರ್ಷ ಬೇರೆಯವರ ಮಾತನ್ನು ವಿವರಿಸಿದವಳಿಗೆ ನನ್ನ ಮಾತು ನೂರಾರು ಜನರ ಕಿವಿಗೆ ಬೀಳುವ ಸುಖ ಹೊಸದು. ಕೃಷ್ಣೆ ತುಂಗಭದ್ರೆಯರ ನಡುವಿನ ನೆಲ ಎಂದು ಶುರು ಮಾಡಿ, ಅಪ್ಪನ ಕುರಿಹಿಂಡನ್ನೂ ಮಾಸ್ತರರ ಅರ್ಜಿಯನ್ನೂ ಸೇರಿಸಿ, ಎಲ್ಲಿ ನಿಲ್ಲಬೇಕು, ಎಲ್ಲಿ ದನಿ ಏರಿಸಬೇಕು ಎಂದು ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಟ್ಟೆ. ಅಣ್ಣ ಬರೆದುಕೊಟ್ಟದ್ದನ್ನು ಬರೆದುಕೊಟ್ಟ ಹಾಗೆಯೇ ಓದುವವನು. ಆಜ್ಞಾಪತ್ರದಲ್ಲಿ ತಿದ್ದುಪಡಿ ಮಾಡುವ ಅಭ್ಯಾಸ ಅವನಿಗಿಲ್ಲ. ಜನ ಚಪ್ಪಾಳೆ ತಟ್ಟತೊಡಗಿದರು. ರಾಯಚೂರಿನ ದೊಡ್ಡ ಸಭೆಗೆ ಇನ್ನೂ ಏನಾದರೂ ಎದೆಗೆ ತಾಕುವಂಥದ್ದು ಬೇಕು ಅನ್ನಿಸಿ, ಕಡೆಯ ಪುಟದಲ್ಲಿ ನಾನು ಮಾರೆಪ್ಪನ ಹೆಸರು ಬರೆದೆ.

ಮಾರೆಪ್ಪ ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯವನು, ತುಂಗಭದ್ರೆಯ ದಂಡೆಯ ಊರಿನ ಹುಡುಗ, ಅಣ್ಣ ಕರ್ನಲ್ ಆಗಿದ್ದಾಗ ಅವನ ಪಡೆಯಲ್ಲಿ ಸಿಪಾಯಿಯಾಗಿದ್ದವನು. ಹದಿನೆಂಟು ವರ್ಷದ ಹಿಂದೆ ಅಲ್ಲೆಲ್ಲೋ ಪರ್ವತದ ಗಡಿಯಲ್ಲಿ ತೀರಿಕೊಂಡ. 'ನಮ್ಮ ಚೀಕಲಪರ್ವಿಯ ಮಾರೆಪ್ಪ, ಶತ್ರುವಿನ ಗುಂಡಿಗೆ ಎದೆಯೊಡ್ಡಿದ ಮಾರೆಪ್ಪ, ನನ್ನ ತೋಳಿನಲ್ಲಿ ಕಣ್ಣು ಮುಚ್ಚಿದ' ಎಂದು ನಾನು ಬರೆದೆ, ಅಣ್ಣ ಓದಿದ, ಸಭೆ ಒಂದು ಕ್ಷಣ ಉಸಿರು ಹಿಡಿದು ಆಮೇಲೆ ಎದ್ದು ನಿಂತಿತು. ಕಾರಿನಲ್ಲಿ ಮನೆಗೆ ಬರುವಾಗ ಅಣ್ಣ ಕಿಟಕಿಯ ಹೊರಗೆ ನೋಡುತ್ತ ಹೇಳಿದ: "ಅಂವ ಗುಂಡಿಗೆ ಸತ್ತಿದ್ದಿಲ್ಲ ಸರೂ. ಗುಡ್ಡ ಕುಸಿದಿತ್ತು. ನಾ ಹತ್ರನೂ ಇದ್ದಿಲ್ಲ." ಗಡಿಯಲ್ಲಿ ಸತ್ತದ್ದಂತೂ ನಿಜ ತಾನೇ, ಎರಡೂ ಒಂದೇ ಎಂದು ನಾನು ಹೇಳಿದೆ. ಒಂದೇ ಅಲ್ಲ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮತ್ತೆ ಆ ಹೆಸರು ಎತ್ತುವುದು ಬೇಡ ಎಂದಷ್ಟೇ ಅಂದು ಅವನು ಸುಮ್ಮನಾದ.

ಆದರೆ ಚಪ್ಪಾಳೆ ಕೇಳಿದವರು ಸುಮ್ಮನಾಗುತ್ತಾರೆಯೇ? ನಾಲ್ಕನೆಯ ದಿನ ಮಧ್ಯಾಹ್ನ ಚಂದ್ರಶೇಖರರ ಫೋನು ಬಂತು. ಅವರು ಚೀಕಲಪರ್ವಿಯಲ್ಲಿದ್ದರು, ಮಾರೆಪ್ಪನ ತಾಯಿ ಹುಲಿಗೆಮ್ಮನ ಮನೆಯಿಂದ ಆಗತಾನೇ ಹೊರಗೆ ಬಂದಿದ್ದರು. ಮಾನ್ವಿಯ ಸಭೆಯಲ್ಲಿ ಆ ತಾಯಿಯನ್ನು ವೇದಿಕೆಗೆ ಕರೆತಂದು ಸಾಹೇಬರಿಂದ ಕಾಲಿಗೆ ನಮಸ್ಕಾರ ಮಾಡಿಸಬೇಕೆಂಬುದು ಅವರ ಯೋಜನೆ. "ಆದ್ರ ಅಕ್ಕಾರ, ಒಂದ್ ತೊಡಕದ," ಎಂದು ದನಿ ತಗ್ಗಿಸಿದರು. "ಆ ಅವ್ವ ಅಂತಾಳ, ಹದಿನೆಂಟು ವರ್ಷದಾಗ ಸಾಹೇಬ್ರ ಕಡಿಂದ ಒಂದ್ ಸುದ್ದಿನೂ ಬಂದಿಲ್ಲಂತ. ಸಾಹೇಬ್ರು ನೋಡಿದ್ರ, ರಾಯಚೂರ ಸಭಾ ಮುಗಿದ ಮ್ಯಾಲೆ ನಾ ಕೇಳಿದಾಗ, ನನ್ನ ತಂಗಿನ್ನ ಕಳಿಸಿದ್ದೆ ಅಂದಿದ್ರು."

ನಾನು ಗೋಡೆಗೆ ಒರಗಿದೆ. ಗೆಳೆಯರೇ, ಅಲ್ಲಿಯವರೆಗೆ ಯಾರಿಗೂ ಹೇಳಿರದ ಸಂಗತಿಯೊಂದನ್ನು ಈಗ ನಿಮಗೆ ಹೇಳಬೇಕು.

ಮಾರೆಪ್ಪ ತೀರಿಕೊಂಡ ತಿಂಗಳಲ್ಲಿ ಅಣ್ಣ ನನಗೊಂದು ಕಾಗದ ಕಳಿಸಿದ್ದ. ಒಳಗೆ ಇನ್ನೊಂದು ಲಕೋಟೆ, ಅಂಟಿಸಿದ್ದು. ಅದು ಮಾರೆಪ್ಪನ ತಂದೆತಾಯಿಗಳಿಗೆ. ಅವರಿಗೆ ಓದಲು ಬರುವುದಿಲ್ಲ, ಅಂಚೆಯವನ ಬಾಯಲ್ಲಿ ಇಂಥದ್ದನ್ನು ಕೇಳಿಸಬಾರದು, ನೀನೇ ಹೋಗಿ ಎದುರು ಕೂತು ಓದಿ ಹೇಳು ಎಂದು ಬರೆದಿದ್ದ. ನಾನು ಹೊರಟೆ. ಮಾನ್ವಿಯವರೆಗೆ ಹೋದೆ. ಚೀಕಲಪರ್ವಿಯ ಬಸ್ಸು ಬಂತು, ಜನ ಹತ್ತಿದರು, ನಾನು ಬೆಂಚಿನ ಮೇಲೆ ಕೂತೇ ಇದ್ದೆ. ಮಗನನ್ನು ಕಳೆದುಕೊಂಡ ತಾಯಿಯ ಮುಖ ಹೇಗಿರುತ್ತದೆಂದು ನನಗೆ ಗೊತ್ತಿತ್ತು. ನಮ್ಮ ಅವ್ವನ ಮುಖದಲ್ಲಿ ಅದು ಎಷ್ಟೋ ಸಲ ಅಭ್ಯಾಸಕ್ಕೆಂಬಂತೆ ಬಂದು ಹೋದದ್ದನ್ನು ಕಂಡಿದ್ದೆ. ಬಸ್ಸು ಹೋಯಿತು. ಮುಂದಿನ ವಾರ ಬಂದರಾಯಿತು ಎಂದುಕೊಂಡು ರಾಯಚೂರಿನ ಬಸ್ಸು ಹತ್ತಿದೆ. ಮುಂದಿನ ವಾರ ಬರಲಿಲ್ಲ. ಅಣ್ಣ ಫೋನಿನಲ್ಲಿ ಕೇಳಿದಾಗ, ಕೊಟ್ಟು ಬಂದೆ ಎಂದುಬಿಟ್ಟೆ. ಏನಂದರು ಎಂದು ಕೇಳಿದ. ಅಷ್ಟು ದೂರದಿಂದ ಬರುತ್ತಿದ್ದ ಅವನ ದನಿ ಎಷ್ಟು ದಣಿದಿತ್ತೆಂದರೆ, ಅವನ ಭಾರ ಇಳಿಸಬೇಕೆಂಬ ಒಂದೇ ಆಸೆಯಿಂದ ನಾನು ಇನ್ನೊಂದು ಮಾತು ಸೇರಿಸಿದೆ: ನೀವು ಬರುವುದು ಬೇಡ, ನೋಡಿದರೆ ದುಃಖ ಹೆಚ್ಚಾಗುತ್ತದೆ, ನಿಮ್ಮ ಕೆಲಸ ನೀವು ನೋಡಿಕೊಳ್ಳಿ ಅಂದರು ಎಂದೆ. ಲಕೋಟೆಯನ್ನು ನನ್ನ ದೊಡ್ಡ ನಿಘಂಟಿನ ನಡುವೆ ಇಟ್ಟೆ. ಹದಿನೆಂಟು ವರ್ಷ ಪದಗಳ ಅರ್ಥ ಹುಡುಕುತ್ತ ಆ ಪುಟಗಳನ್ನು ಮಾತ್ರ ದಾಟಿಕೊಂಡು ಹೋದೆ.

ಫೋನಿನಲ್ಲಿ ಚಂದ್ರಶೇಖರರಿಗೆ ನಾನು ಹೇಳಿದ್ದಿಷ್ಟು: ಅಣ್ಣನಿಗೆ ಇದನ್ನು ಹೇಳಬೇಡಿ. ಅವರು ಯಾಕೆ ಎಂದು ಕೇಳಲಿಲ್ಲ. ಒಂದು ಗಳಿಗೆಯೂ ತಡೆಯದೆ, "ಅಷ್ಟೇ ಏನ್ರಿ ಅಕ್ಕಾರ. ನಾವು ನಾವು ಅಲ್ಲೇನ್ರಿ," ಎಂದರು. ಆ 'ನಾವು ನಾವು' ನನ್ನ ಬೆನ್ನಿನ ಮೇಲೆ ತಣ್ಣೀರಿನಂತೆ ಇಳಿಯಿತು. ಅಣ್ಣನ ರಾಜಕೀಯ ಪ್ರವೇಶಕ್ಕೆ ನಾನು ಯಾಕೆ ಹೆದರಿದ್ದೆನೆಂದು ಆಗ ತಿಳಿಯಿತು. ಇಬ್ಬರ ನಡುವೆ ಮಾತು ಹೊತ್ತು ಹೋಗುವವರು ದಾರಿಯಲ್ಲಿ ಅದನ್ನು ಕೇಳುವವರ ಕಿವಿಗೆ ಹಿತವಾಗುವಂತೆ ತಿದ್ದುತ್ತಾರೆ. ಆಮೇಲೆ ಆ ತಿದ್ದುಪಡಿಯನ್ನು ಕಾಯಲು ಇನ್ನೊಬ್ಬರ ಸಹಾಯ ಬೇಕಾಗುತ್ತದೆ. ಆ ಇನ್ನೊಬ್ಬರು ನಮ್ಮವರಾಗಿಬಿಡುತ್ತಾರೆ. ಇದು ಹೊರಗಿನಿಂದ ಬಂದು ಅಣ್ಣನನ್ನು ಕೆಡಿಸೀತು ಎಂದು ನಾನು ಬಾಗಿಲು ಕಾಯುತ್ತಿದ್ದೆ. ನಮ್ಮ ಮನೆಯಲ್ಲಿ ರಾಜಕೀಯಕ್ಕೆ ಮೊದಲು ಇಳಿದವಳು ನಾನು, ಅಣ್ಣನಿಗಿಂತ ಹದಿನೆಂಟು ವರ್ಷ ಮುಂಚೆ.

ಮಾನ್ವಿಯ ಸಭೆಗೆ ಇನ್ನು ಎರಡೇ ದಿನವಿತ್ತು. ಆ ಎರಡು ದಿನ ನಾನು ಬೇಯಿಸಿದ ಅನ್ನ ಒಂದೋ ಮುದ್ದೆ, ಒಂದೋ ಅಕ್ಕಿ. ವೇದಿಕೆಯ ಮೇಲೆ ಆ ಹೆಣ್ಣುಮಗಳು ಮೈಕಿನ ಮುಂದೆ ನಿಂತು ಈ ಸಾಹೇಬರು ನನಗೊಂದು ಸುದ್ದಿಯನ್ನೂ ಕಳಿಸಲಿಲ್ಲ ಎಂದರೆ ಅಣ್ಣನ ಗತಿಯೇನು? ಹಾಗೆ ಹೇಳದಂತೆ ಚಂದ್ರಶೇಖರರು ಅವಳನ್ನು ಒಪ್ಪಿಸಿಬಿಟ್ಟರೆ? ಎರಡನೆಯದು ಮೊದಲನೆಯದಕ್ಕಿಂತ ಘೋರವಾಗಿ ಕಂಡಿತು. ಸಭೆಯ ದಿನ ಬೆಳಿಗ್ಗೆ ಅಣ್ಣ ಚಹಾ ಕುಡಿಯುತ್ತ ಕೂತಿದ್ದಾಗ ನಿಘಂಟನ್ನು ತಂದು ಅವನ ಮುಂದೆ ಇಟ್ಟು, ಲಕೋಟೆ ತೆಗೆದು ಮೇಜಿನ ಮೇಲೆ ಇಟ್ಟೆ. ಅವನು ತನ್ನ ಅಕ್ಷರವನ್ನು ಗುರುತಿಸಿದ. ನಾನು ಎಲ್ಲವನ್ನೂ ಹೇಳಿದೆ, ಮಾನ್ವಿಯ ಬೆಂಚು, ಫೋನಿನಲ್ಲಿ ಸೇರಿಸಿದ ಮಾತು, ಚಂದ್ರಶೇಖರರಿಗೆ ಮಾಡಿದ ವಿನಂತಿ.

ಚಹಾ ತಣ್ಣಗಾಯಿತು. ಬೈದಿದ್ದರೆ ಬದುಕುತ್ತಿದ್ದೆ ಅನ್ನಿಸುತ್ತಿತ್ತು ನನಗೆ. ಕಡೆಗೆ ಅವನು ತಲೆ ಎತ್ತಿ ಹೇಳಿದ ಮಾತು ನಾನು ನಿರೀಕ್ಷಿಸಿದ್ದಲ್ಲ.

"ಅವರು ಬರಬ್ಯಾಡ ಅಂದಾರ ಅಂತ ನೀ ಹೇಳಿದ್ಯಲ್ಲ, ಅವತ್ತು ನನಗ ಸಮಾಧಾನ ಆಗಿತ್ತು ಸರೂ. ಅದಕ್ಕ ಮತ್ತೊಮ್ಮೆ ಕೇಳಲಿಲ್ಲ. ರಜಾಕ್ಕ ಬಂದಾಗೆಲ್ಲ ಮಾನ್ವಿ ದಾರಿ ಬಿಟ್ಟು ಓಡಾಡೀನಿ."

ಎದ್ದು ಚಪ್ಪಲಿ ಮೆಟ್ಟಿದ. ನಡಿ, ಹೋಗೋಣ ಎಂದ.

ರಾಯಚೂರಿನಿಂದ ಮಾನ್ವಿಗೆ, ಮಾನ್ವಿಯಿಂದ ಚೀಕಲಪರ್ವಿಗೆ. ಕಾಲುವೆಯ ನೀರು ಹರಿದ ಕಡೆ ಭತ್ತದ ಗದ್ದೆಗಳು ಹಸಿರಾಗಿ ನಿಂತಿದ್ದವು. ಬಿಳಿಯ ಕಾರಿನ ಮೇಲೆ ಪಕ್ಷದ ಬಾವುಟವಿತ್ತು. ಊರು ಇನ್ನೂ ದೂರವಿರುವಾಗಲೇ ಅಣ್ಣ ಕಾರು ನಿಲ್ಲಿಸಿ ಅದನ್ನು ಬಿಚ್ಚಿ ಮಡಿಸಿ ಡಿಕ್ಕಿಯಲ್ಲಿ ಇಟ್ಟ. ಲಕೋಟೆ ನನ್ನ ಕೈಯಲ್ಲಿತ್ತು. ಊರೊಳಗೆ ಮೊದಲು ಸಿಕ್ಕವರನ್ನು ಕೇಳಿದೆವು. ಮಿಲಿಟ್ರಿ ಮಾರೆಪ್ಪನ ಮನೆಯೇ ಎಂದು ಅವರೇ ಮರಳಿ ಕೇಳಿ ದಾರಿ ತೋರಿಸಿದರು.

ಹುಲಿಗೆಮ್ಮ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ಕಿರಿಯ ಮಗ, ಸೊಸೆ ಹೊಲಕ್ಕೆ ಹೋಗಿದ್ದರು. ಎಪ್ಪತ್ತರ ಹತ್ತಿರದ, ಗಟ್ಟಿಮುಟ್ಟಾದ ಹೆಂಗಸು. ಮುಖದಲ್ಲಿ ನಾನು ಹದಿನೆಂಟು ವರ್ಷ ಅಂಜಿದ್ದ ಯಾವುದೂ ಇರಲಿಲ್ಲ. ಓಟಿನ ಮಂದಿ ಅಲ್ಲೇನ್ರಿ, ಮೊನ್ನೆ ವಕೀಲರು ಬಂದಿದ್ದರು ಎಂದು ಚಾಪೆ ಹಾಸಿದರು. ಅಣ್ಣ ಚಾಪೆಯ ಮೇಲೆ ಕೂರಲಿಲ್ಲ, ನೆಲದ ಮೇಲೆ ಕೂತ. ತನ್ನ ಹೆಸರು ಹೇಳಿ, ಮಾರೆಪ್ಪನ ಕರ್ನಲ್ ಸಾಹೇಬ ನಾನೇ ಎಂದ. ಹುಲಿಗೆಮ್ಮನ ಕೈ ಮೊರದಲ್ಲೇ ನಿಂತಿತು.

"ಓಟಿಗೆ ಬಂದೀರೇನ್ರಿ ಸಾಹೇಬ್ರ?"

"ಓಟಿಗಂತನೇ ಹೊಂಟಿದ್ದೆ ಯವ್ವಾ," ಎಂದ ಅಣ್ಣ. "ಓಟು ಇರದಿದ್ರ ಬರ್ತಿದ್ದಿಲ್ಲೇನೊ. ಅದನ್ನೂ ಹೇಳಬೇಕಂತ ಬಂದೀನಿ."

ಆಮೇಲೆ ಲಕೋಟೆಯ ವಿಷಯ ಹೇಳಿದ. ತನಗೂ ಅವರಿಗೂ ನಡುವೆ ನಿಂತದ್ದು ತನ್ನ ತಂಗಿ ಎಂದು ಅವನು ಹೇಳಲಿಲ್ಲ. ಕಳಿಸಿದ್ದು ಮುಟ್ಟಲಿಲ್ಲ ಎಂದಷ್ಟೇ ಅಂದ. ನಾನೇ ಹೇಳಿದೆ. ನಾನು ಮಾನ್ವಿಯವರೆಗೆ ಬಂದು ಹೊಳ್ಳಿ ಹೋದವಳು ಎಂದೆ. ಹುಲಿಗೆಮ್ಮ ಮೊದಲ ಸಲ ನನ್ನ ಕಡೆ ನೋಡಿದರು. ಬಹಳ ಹೊತ್ತು ನೋಡಿದರು. ನಂತರ ಅಣ್ಣ ಕಾಗದಕ್ಕೆ ಕೈ ಚಾಚಿದಾಗ ತಡೆದರು. "ಯಾರು ತಂದು ಓದಬೇಕಿತ್ತೊ ಅವರೇ ಓದ್ಲಿ," ಎಂದರು.

ಎಷ್ಟೋ ಕಾವ್ಯಗಳನ್ನು ಗಟ್ಟಿಯಾಗಿ ಓದಿದ ಬಾಯಿ ಇದು. ಆ ಒಂದು ಹಾಳೆಯನ್ನು ಓದಲು ಪಟ್ಟ ಪಾಡು ನನಗೇ ಗೊತ್ತು. ಅಣ್ಣನ ಕನ್ನಡದಲ್ಲಿ ಕಾಗುಣಿತದ ತಪ್ಪುಗಳಿದ್ದವು, ಒಂದೂ ಅಲಂಕಾರವಿರಲಿಲ್ಲ. ನಿಮ್ಮ ಮಗನನ್ನು ಆ ದಿನ ಕಳಿಸಿದ್ದು ನಾನು, ಎಂದಿತ್ತು. ಮಳೆ ನಿಂತಿತ್ತು. ಮುಂದಿನ ಠಾಣೆಗೆ ಹೋಗುವ ಫೋನಿನ ತಂತಿ ಹರಿದಿತ್ತು. ಗುಡ್ಡ ಗಟ್ಟಿಯಾಗಿದೆ ಎಂದು ನಾನು ತಿಳಿದೆ. ಅದು ಅವನ ಸರದಿಯಾಗಿರಲಿಲ್ಲ. ನಮ್ಮ ಕಡೆಯ ಹುಡುಗ, ಹೇಳಿದ ಕೆಲಸ ಮಾಡಿ ಬರುತ್ತಾನೆ ಎಂದು ಅವನನ್ನೇ ಕರೆದೆ. ಹೋಗುವಾಗ ನಕ್ಕು ಹೋದ. ಮಣ್ಣು ಒಮ್ಮೆಲೇ ಬಂತು, ಬಹಳ ನೋವಾಗಿಲ್ಲ ಎಂದು ಡಾಕ್ಟರು ಹೇಳಿದರು. ತಪ್ಪು ನನ್ನದು. ರಜೆಗೆ ಬಂದಾಗ ನಿಮ್ಮ ಮನೆಗೆ ಬರುತ್ತೇನೆ, ನೀವು ಬೈದರೆ ಬೈಸಿಕೊಳ್ಳುತ್ತೇನೆ.

ಓದಿ ಮುಗಿಸಿ ಹಾಳೆಯನ್ನು ಅವರ ಕೈಗೆ ಕೊಟ್ಟೆ. ಹುಲಿಗೆಮ್ಮ ಅಳಲಿಲ್ಲ. ಮೊರವನ್ನು ಪಕ್ಕಕ್ಕಿಟ್ಟರು.

"ಸರಕಾರದ ಕಾಗದ ಬಂದ್ವು ಯಪ್ಪಾ. ಪೆಟ್ಟಿಗೆ ಬಂತು, ಗುಂಡು ಹಾರಿಸಿದ್ರು, ಎಲ್ಲಾ ಮಾಡಿದ್ರು. ಹ್ಯಾಂಗ ಹೋದ ಅಂತ ಮಾತ್ರ ಯಾರೂ ಹೇಳಲಿಲ್ಲ. ಅವರಪ್ಪ ಎರಡು ವರ್ಷ ದಿನಾ ಪೋಸ್ಟಿಗೆ ಹೋಗಿ ಕುಂದರ್ತಿದ್ದ, ಯಾರರ ಬರೀತಾರಂತ. ಹಂಗೇ ಹೋದ. ಅವಗ ಕೇಳಸಬೇಕಿತ್ತು ಇದನ್ನ."

ಎರಡು ವರ್ಷ. ಆ ಎರಡು ವರ್ಷದಲ್ಲಿ ನಾನು ನಿಘಂಟನ್ನು ಎಷ್ಟು ಸಲ ತೆರೆದು ಮುಚ್ಚಿರಬಹುದು. ಕ್ಷಮಿಸಿ ಎಂಬ ಪದ ಬಾಯಿಗೆ ಬಂತು. ನಾನು ಬರೆದ ಭಾಷಣಗಳಲ್ಲೆಲ್ಲ ಅಷ್ಟು ಸಲೀಸಾಗಿ ಓಡಾಡಿದ ಕನ್ನಡ ಅಲ್ಲಿ ನಾಲಿಗೆಯ ಮೇಲೆ ಕಲ್ಲಾಯಿತು. ಅಣ್ಣ ಕೈ ಮುಗಿದ. ಸಂಜೆಯ ಸಭೆಗೆ ನೀವು ಬರಬೇಕಾಗಿಲ್ಲ, ಯಾರು ಕರೆಯಲು ಬಂದರೂ ಬರಬೇಡಿ ಎಂದ. ಕರೆದರೂ ನಾನು ಬರುತ್ತಿರಲಿಲ್ಲ ಎಂದರು ಹುಲಿಗೆಮ್ಮ. ನಾವು ಎದ್ದೆವು. ಕಾಗದ ಅವರ ಕೈಯಲ್ಲೇ ಇತ್ತು. ಕೂರಿ, ಹೋಗಿ, ಮತ್ತೆ ಬನ್ನಿ ಎಂದು ಅವರು ಯಾವುದನ್ನೂ ಹೇಳಲಿಲ್ಲ.

ಮಾನ್ವಿಯಲ್ಲಿ ಆ ಸಂಜೆ ಜನ ಕಿಕ್ಕಿರಿದಿದ್ದರು. ನಾನು ಬರೆದುಕೊಟ್ಟಿದ್ದ ಹಾಳೆಗಳನ್ನು ಅಣ್ಣ ಜೇಬಿನಿಂದ ತೆಗೆಯಲೇ ಇಲ್ಲ. ಎಲ್ಲಿ ದನಿ ಏರಿಸಬೇಕು, ಎಲ್ಲಿ ನಿಲ್ಲಬೇಕು ಎಂಬ ಗುರುತುಗಳಿಲ್ಲದ, ಕಿರುಗುಟ್ಟುವ ಕನ್ನಡದಲ್ಲಿ ಮಾತಾಡಿದ. ರಾಯಚೂರಿನಲ್ಲಿ ತಾನು ಮಾರೆಪ್ಪನ ಬಗ್ಗೆ ಓದಿದ್ದು ಸುಳ್ಳು; ಅವನು ಗುಂಡಿಗೆ ಸಾಯಲಿಲ್ಲ, ತನ್ನ ತೋಳಿನಲ್ಲಿ ಸಾಯಲಿಲ್ಲ, ತನ್ನ ಅಂದಾಜು ತಪ್ಪಿದ್ದರಿಂದ ಸತ್ತ; ಓಟಿಗಾಗಿ ಆ ಹೆಸರು ಎತ್ತಿದ್ದಕ್ಕೆ ಚೀಕಲಪರ್ವಿಯವರು ತನ್ನನ್ನು ಮನ್ನಿಸಬೇಕು ಎಂದ. ಬರೆದವರು ಯಾರೆಂದು ಹೇಳಲಿಲ್ಲ. ಓದಿದವನು ನಾನು ಎಂದಷ್ಟೇ ಹೇಳಿದ. ಆಮೇಲೆ ನೀರು, ರಸ್ತೆ, ಆಸ್ಪತ್ರೆ. ಚಪ್ಪಾಳೆ ಬೀಳಲಿಲ್ಲ. ಹಿಂದಿನ ಸಾಲಿನವರು ಏನಂದರು, ಏನಂದರು ಎಂದು ಪಕ್ಕದವರನ್ನು ಕೇಳುತ್ತಿದ್ದರು. ವೇದಿಕೆ ಇಳಿದ ಅಣ್ಣನ ತೋಳು ಹಿಡಿದು ಚಂದ್ರಶೇಖರ ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. "ಸಾಹೇಬ್ರ, ತಮ್ಮ ಬಂದೂಕಲೆ ತಾವೇ ಹೊಡ್ಕೊಳ್ಳೋದು ಯಾವ ಯುದ್ಧದಾಗ ಕಲಿಸ್ತಾರ್ರಿ?" ಅವರ ದನಿಯಲ್ಲಿ ಸಿಟ್ಟಿಗಿಂತ ನಿಜವಾದ ನೋವಿತ್ತು, ಆರು ವಾರ ನಿದ್ದೆಗೆಟ್ಟು ದುಡಿದಿದ್ದರು ಪಾಪ.

ಮರುದಿನ ಮಧ್ಯಾಹ್ನದೊಳಗೆ ಆ ಭಾಷಣದ ಒಂದು ತುಣುಕು ಎಲ್ಲರ ಮೊಬೈಲಿಗೆ ಬಂದಿತ್ತು, ಮುಂದಿನ ಹಿಂದಿನ ಮಾತುಗಳನ್ನು ಕತ್ತರಿಸಿ. ನನ್ನ ಸಿಪಾಯಿಯನ್ನು ನಾನೇ ಕೊಂದೆ ಎಂದು ಒಪ್ಪಿಕೊಂಡ ಜನರಲ್ ಎಂದು ಅದರ ಕೆಳಗೆ ಬರೆದಿತ್ತು. ತರಕಾರಿ ಕೊಳ್ಳಲು ಹೋದರೆ ಗುರುತಿದ್ದವರು ಮಾತು ನಿಲ್ಲಿಸುತ್ತಿದ್ದರು. ದೂರದೂರಿನ ಅಣ್ಣನ ಹಳೆಯ ಸಹೋದ್ಯೋಗಿಗಳು ಫೋನು ಮಾಡಿ ಇದೆಲ್ಲ ಯಾಕೆ ಬೇಕಿತ್ತೆಂದು ಕೇಳಿದರು. ನಾನು ಫೋನು ಸದ್ದು ಮಾಡಿದಾಗಲೆಲ್ಲ ಬೆಚ್ಚುತ್ತಿದ್ದೆ. ಅಣ್ಣ ಮಾತ್ರ ಉಳಿದ ದಿನಗಳ ಪ್ರಚಾರವನ್ನು ಪಟ್ಟಿಯ ಪ್ರಕಾರ ಮುಗಿಸಿದ. ಬಾಗಲವಾಡದಲ್ಲಿ ಇಪ್ಪತ್ತು ಜನ ಸೇರಿದ್ದರೆ ಆ ಇಪ್ಪತ್ತು ಜನರ ಮುಂದೆ ಅದೇ ನಾಲ್ಕು ನಿಮಿಷ ಮಾತಾಡಿ ಪ್ರಶ್ನೆಗಳಿವೆಯೇ ಎಂದು ಕೇಳಿದ. ಒಂದು ವ್ಯತ್ಯಾಸವನ್ನು ಮಾತ್ರ ನಾನು ಗಮನಿಸಿದೆ: ಈಗ ಜನ ಪ್ರಶ್ನೆ ಕೇಳತೊಡಗಿದ್ದರು.

ಅಣ್ಣ ಸೋತ. ಒಳ್ಳೆಯ ಅಂತರದಿಂದಲೇ ಸೋತ. ಮಾನ್ವಿಯ ಭಾಷಣದಿಂದ ಸೋತ ಎಂದು ಕೆಲವರು, ಅದಿಲ್ಲದಿದ್ದರೆ ಇನ್ನೂ ಹೀನಾಯವಾಗಿ ಸೋಲುತ್ತಿದ್ದ ಎಂದು ಕೆಲವರು. ಪಕ್ಷದವರ ಕಾರು ನಮ್ಮ ಬೀದಿಗೆ ಬರುವುದು ನಿಂತಿತು. ಇನ್ನಾದರೂ ಪುಣೆಗೆ ಹೋಗಿ ಮೊಮ್ಮಗುವಿನ ಜೊತೆ ಇರುತ್ತಾನೆಂದು ನಾನು ಎಣಿಸಿದೆ. ಅವನು ಗಬ್ಬೂರಿನ ಮನೆಗೆ ಸುಣ್ಣ ಹೊಡೆಸುವ ಮಾತಾಡಿದ. ಪಂಚಾಯಿತಿ ಚುನಾವಣೆ ಬರುತ್ತದಂತೆ, ಅದಕ್ಕೆ ಪಕ್ಷ ಬೇಕಾಗಿಲ್ಲವಂತೆ. ಲೋಕಸಭೆಗೆ ಸೋತ ಜನರಲ್ ಗ್ರಾಮ ಪಂಚಾಯಿತಿಗೆ ನಿಲ್ಲುವುದೇ ಎಂದು ನಾನು ಕೇಳಿದರೆ, ಮೆಟ್ಟಿಲು ಕೆಳಗಿನಿಂದ ಹತ್ತಬೇಕಿತ್ತು, ನಾನು ಮೇಲಿನಿಂದ ಇಳಿಯಲು ಹೋದೆ ಎಂದ.

ಫಲಿತಾಂಶ ಬಂದ ಎಂಟನೆಯ ದಿನ ಅಣ್ಣನ ಫೋನು ಬಡಿದುಕೊಂಡಿತು. ಗುರುತಿಲ್ಲದ ನಂಬರು. ಮಾತಾಡುತ್ತಿದ್ದವರ ದನಿ ಪಕ್ಕದಲ್ಲಿ ಕೂತಿದ್ದ ನನಗೂ ಕೇಳುವಷ್ಟು ದೊಡ್ಡದಾಗಿತ್ತು. "ಸಾಹೇಬ್ರ, ನಾ ಚೀಕಲಪರ್ವಿ ಹುಲಿಗೆಮ್ಮ. ನಾ ನಿಮಗ ಓಟ್ ಹಾಕಿಲ್ರಿ. ನಿಮಗ ಗೊತ್ತಿರಲಿ ಅಂತ ಹೇಳಾಕತ್ತೀನಿ. ನಾಳಿಗೆ ಉಣ್ಣಾಕ ಬರ್ರಿ. ಆಕೀನೂ ಕರ್ಕೊಂಡು ಬರ್ರಿ."

ಆಕೀ ಎಂದರೆ ನಾನು. ಈ ಸಲ ಕಾರಿರಲಿಲ್ಲ, ಬಸ್ಸಿನಲ್ಲೇ ಹೋದೆವು. ಮಗ, ಸೊಸೆ ಮನೆಯಲ್ಲಿದ್ದರು. ಜೋಳದ ರೊಟ್ಟಿ, ಪುಂಡಿಪಲ್ಲೆ, ಅನ್ನ, ಸಾರು. ಅಣ್ಣನಿಗೆ ಬಡಿಸಿದರು, ನನಗೂ ಬಡಿಸಿದರು. ಅಣ್ಣ ಉಂಡು ಕೈ ತೊಳೆಯಲು ಮಗನ ಜೊತೆ ಹಿತ್ತಲಿಗೆ ಹೋದಾಗ ಹುಲಿಗೆಮ್ಮ ನನ್ನ ಎದುರಿಗೆ ಬಂದು ಕೂತರು.

"ಅವತ್ತು ಯಾಕ ಬರಲಿಲ್ಲ ನೀ?"

ಮೊದಲ ಸಲ ಬಂದು ಹೋದ ದಿನದಿಂದ ಈ ಪ್ರಶ್ನೆಗೆ ನಾನು ಏನೇನೋ ಉತ್ತರ ಕಟ್ಟಿದ್ದೆ. ಅದರಲ್ಲಿ ಒಂದೂ ನೆನಪಾಗಲಿಲ್ಲ.

"ಅಂಜಿಕಿ ಬಂತು ಯವ್ವಾ," ಎಂದೆ.

ಹುಲಿಗೆಮ್ಮ ತಲೆದೂಗಿದರು, ಒಪ್ಪಿಕೊಂಡಂತೆಯೂ ಅಲ್ಲ, ಕ್ಷಮಿಸಿದಂತೆಯೂ ಅಲ್ಲ. ಬಹಳ ದಿನದಿಂದ ತಿಳಿಯಬೇಕೆಂದಿದ್ದ ಒಂದು ಸಂಗತಿ ತಿಳಿದಂತೆ. "ನನಗೂ ಇತ್ತು," ಎಂದರು. "ಬಸ್ ಬಂದಾಗೊಮ್ಮೆ ಯಾರರ ಇಳೀತಾರಂತ ಅಂಜಿಕಿ. ಯಾರೂ ಇಳಿಲಿಲ್ಲಂದ್ರ ಅದಕ್ಕೂ ಅಂಜಿಕಿ." ಬುಟ್ಟಿಯಿಂದ ಇನ್ನೊಂದು ರೊಟ್ಟಿ ತೆಗೆದು, ಮುರಿದು, ನನ್ನ ತಾಟಿನ ಅಂಚಿಗೆ ಇಟ್ಟು, ನಾನು ಉಣ್ಣುವುದನ್ನು ನೋಡುತ್ತ ಕೂತರು. ನಾನು ಕಣ್ಣು ತಗ್ಗಿಸದೆ ಉಂಡೆ.